ಒಸಾಕಾದ ಮಾಜಿ ಮೇಯರ್ ಕುರಿತು ಆಳಂದದ ಓದುಗರಿಗೆ

ಮಾನ್ಯರೇ,

ಆಳಂದದಿಂದ ನೀವು ಬರೆದ ಪತ್ರ ತಲುಪಿದೆ. ಜಪಾನಿನ ಒಸಾಕಾ ನಗರದ ಮಾಜಿ ಮೇಯರ್ ತೋರು ಹಾಶಿಮೊಟೊ ಅವರನ್ನು ಕಳೆದ ಸಂಚಿಕೆಯ ಲೇಖನ ಬರೀ ‘ರಾಜಕೀಯ ವಿಶ್ಲೇಷಕ’ ಎಂದು ಪರಿಚಯಿಸಿದ್ದು ತಪ್ಪೆಂದೂ, ಅಧಿಕಾರ ಅನುಭವಿಸಿದವರಿಗೆ ಟಿವಿಯಲ್ಲಿ ವಿಶ್ಲೇಷಕರ ಪಟ್ಟ ಕೊಡಲೇಬಾರದೆಂದೂ ನೀವು ಬರೆದಿದ್ದೀರಿ. ಮೊದಲನೆಯ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ.

ವೃತ್ತಿಯಿಂದ ವಕೀಲರಾದ ಹಾಶಿಮೊಟೊ ಕಾನೂನು ಸಲಹೆಯ ಟಿವಿ ಕಾರ್ಯಕ್ರಮವೊಂದರಿಂದ ಮನೆಮಾತಾಗಿ, 2008ರ ಜನವರಿಯಲ್ಲಿ, 38ನೇ ವಯಸ್ಸಿನಲ್ಲಿ, ಒಸಾಕಾ ಪ್ರಾಂತ್ಯದ ಗವರ್ನರ್ ಹುದ್ದೆಗೆ ಆರಿಸಿ ಬಂದರು. ಅಲ್ಲಿ ಗವರ್ನರನ್ನು ಜನರೇ ನೇರವಾಗಿ ಆರಿಸುತ್ತಾರೆ ಎಂಬುದನ್ನು ನಮ್ಮ ಓದುಗರು ಗಮನಿಸಬೇಕು. ನೌಕರರ ಸಂಬಳ ಕಡಿತಗೊಳಿಸಿದ ಅವರು 2010ರಲ್ಲಿ ಸ್ವಂತ ಪಕ್ಷ ಕಟ್ಟಿದರು. ಮರುವರ್ಷ ಗವರ್ನರ್ ಹುದ್ದೆಗೆ ರಾಜೀನಾಮೆ ಕೊಟ್ಟು ಮೇಯರ್ ಚುನಾವಣೆ ಗೆದ್ದರು. ಒಸಾಕಾದ ಮಣ್ಣಿನಲ್ಲೇ ಬೆಳೆದ ಬುನ್ರಾಕು ಗೊಂಬೆಯಾಟದ ಅನುದಾನಕ್ಕೂ ಕತ್ತರಿ ಹಾಕಿದರು. ಯುದ್ಧಕಾಲದಲ್ಲಿ ಜಪಾನಿ ಸೇನೆಯ ಲೈಂಗಿಕ ದಾಸ್ಯಕ್ಕೆ ಮಹಿಳೆಯರನ್ನು ದೂಡಿದ ವ್ಯವಸ್ಥೆ ಆ ಕಾಲಕ್ಕೆ ಅಗತ್ಯವಾಗಿತ್ತು ಎಂಬರ್ಥದ ಮಾತನ್ನು 2013ರ ಮೇ ತಿಂಗಳಲ್ಲಿ ಆಡಿ ದೇಶವಿದೇಶಗಳ ಖಂಡನೆಗೆ ಗುರಿಯಾದರು. ನಮ್ಮ ಲೇಖನ ಇದನ್ನು ಕೈಬಿಟ್ಟಿತ್ತು. ಆ ಮಹಿಳೆಯರ ನೋವನ್ನು ನೆನೆದರೆ, ಅದು ಸ್ಥಳಾಭಾವದ ನೆಪ ಹೇಳಿ ಬಿಡಬಹುದಾದ ವಿಷಯವಾಗಿರಲಿಲ್ಲ.

ಒಸಾಕಾ ನಗರಾಡಳಿತವನ್ನೇ ರದ್ದುಮಾಡಿ ತಮ್ಮದೇ ಆಡಳಿತವುಳ್ಳ ವಿಶೇಷ ವಾರ್ಡುಗಳಾಗಿ ಹಂಚುವುದು ಅವರ ಬಹುದೊಡ್ಡ ಯೋಜನೆಯಾಗಿತ್ತು. 2015ರ ಮೇ 17ರಂದು ನಡೆದ ಜನಮತಗಣನೆಯಲ್ಲಿ ಸುಮಾರು 14 ಲಕ್ಷ ಮತಗಳ ಪೈಕಿ ಕೇವಲ 10,741ರ ಅಂತರದಿಂದ ಅದು ಬಿದ್ದುಹೋಯಿತು. ಅಂದು ರಾತ್ರಿಯೇ ರಾಜಕೀಯ ಬಿಡುವುದಾಗಿ ಘೋಷಿಸಿದ ಹಾಶಿಮೊಟೊ, ಡಿಸೆಂಬರಿನಲ್ಲಿ ಅವಧಿ ಮುಗಿಸಿ ಮತ್ತೆ ಟಿವಿಗೆ ಮರಳಿದರು. ಯೋಜನೆ ಮಾತ್ರ ಅವರೊಂದಿಗೆ ನಿವೃತ್ತವಾಗಲಿಲ್ಲ. ಅವರ ಪಕ್ಷ ಅದನ್ನು 2020ರ ನವೆಂಬರಿನಲ್ಲಿ ಮತ್ತೊಮ್ಮೆ ಜನರ ಮುಂದಿಟ್ಟು ಮತ್ತೊಮ್ಮೆ ಸೋತಿತು. ಹೀಗಿರುವಾಗ ಒಸಾಕಾದ ಆಡಳಿತದ ಬಗ್ಗೆ ಹಾಶಿಮೊಟೊ ಏನೇ ಹೇಳಿದರೂ ಅದು ತಮ್ಮದೇ ದಾವೆಯಲ್ಲಿ ತಾವೇ ನುಡಿಯುವ ಸಾಕ್ಷ್ಯ. ಆ ಸಾಕ್ಷ್ಯಕ್ಕೆ ಬೆಲೆಯುಂಟು, ಆದರೆ ಅದನ್ನು ತೀರ್ಪೆಂದು ಬಡಿಸಬಾರದು.

ಈ ಅಪಾಯ ಅಲ್ಲಿನವರ ಅನುಭವಕ್ಕೂ ಬಂದಿದೆ. 2022ರ ಹೊಸ ವರ್ಷದ ದಿನ ಒಸಾಕಾದ ಮೈನಿಚಿ ಬ್ರಾಡ್‌ಕಾಸ್ಟಿಂಗ್ ವಾಹಿನಿಯ ಒಂದೇ ಕಾರ್ಯಕ್ರಮದಲ್ಲಿ ಹಾಶಿಮೊಟೊ, ಆಗಿನ ಮೇಯರ್ ಮಾತ್ಸುಯಿ ಮತ್ತು ಗವರ್ನರ್ ಯೋಶಿಮುರಾ ಒಟ್ಟಿಗೆ ಕುಳಿತರು. ಮೂವರೂ ಒಂದೇ ಪಕ್ಷದ ಗರಡಿಯಲ್ಲಿ ಪಳಗಿದವರು. ಟೀಕೆಗಳು ಬಂದ ಮೇಲೆ ವಾಹಿನಿ ಆಂತರಿಕ ತನಿಖೆ ನಡೆಸಿ, ರಾಜಕೀಯ ಸಮತೋಲನದ ಅರಿವು ತನ್ನಲ್ಲಿ ತೀರಾ ಕಡಿಮೆಯಿತ್ತೆಂದು ಒಪ್ಪಿಕೊಂಡಿತು.

ಆದರೂ ಅಂಥವರ ಬಾಯಿ ಮುಚ್ಚಿಸುವುದು ಪರಿಹಾರವೆಂದು ನನಗೆ ಅನ್ನಿಸುವುದಿಲ್ಲ. ನಮ್ಮ ಕಲಬುರಗಿಯನ್ನೇ ನೋಡಿ. ತೊಗರಿ ಖರೀದಿ ಕೇಂದ್ರ ತೆರೆಯುವುದು ತಡವಾದರೆ ಕಡತ ಯಾರ ಮೇಜಿನ ಮೇಲೆ ನಿಂತಿತೆಂಬುದು, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಅಡಿಯ ನೇಮಕಾತಿ ಎಲ್ಲಿ ಸಿಕ್ಕಿಕೊಳ್ಳುತ್ತದೆಂಬುದು, ಆ ಕುರ್ಚಿಯಲ್ಲಿ ಕುಳಿತವರಿಗೆ ಗೊತ್ತಿರುವಷ್ಟು ಹೊರಗಿನಿಂದ ಬರೆಯುವ ನಮಗೆ ಗೊತ್ತಿರುವುದಿಲ್ಲ. ಆ ತಿಳಿವಳಿಕೆಯನ್ನು ಕಳೆದುಕೊಂಡರೆ ನಷ್ಟ ಓದುಗರಿಗೇ. ಮಾತನಾಡುವವರು ಯಾವ ಹುದ್ದೆಯಲ್ಲಿದ್ದರು, ಯಾವ ನಿರ್ಣಯಕ್ಕೆ ಸಹಿ ಹಾಕಿದ್ದರು, ಪಕ್ಷದ ನಂಟು ಇನ್ನೂ ಉಳಿದಿದೆಯೇ ಎಂಬುದನ್ನು ಮೊದಲೇ ತಿಳಿಸಿದರೆ, ಎಷ್ಟು ನಂಬಬೇಕೆಂಬುದನ್ನು ನಿಮ್ಮಂಥ ಓದುಗರು ತೂಗಿ ನೋಡಬಲ್ಲಿರಿ.

ಮುಂದಿನ ಸಂಚಿಕೆಯಿಂದ ರಾಜಕಾರಣಿಗಳಾಗಿದ್ದವರ ಪ್ರತಿ ಲೇಖನದ ಮೇಲೂ ಈ ವಿವರಗಳನ್ನು ಲೇಖಕರ ಹೆಸರಿನ ಕೆಳಗೇ ಅಚ್ಚು ಮಾಡುತ್ತೇವೆ. ಹಾಶಿಮೊಟೊ ಲೇಖನದಲ್ಲಿ ಬಿಟ್ಟುಹೋದ 2013ರ ಸಂಗತಿಯನ್ನು ನಿಮ್ಮ ಪತ್ರದೊಂದಿಗೆ ಅದೇ ಪುಟದಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ, ಕಲಬುರಗಿ