ಮಂಗಳೂರಿನಲ್ಲಿದ್ದುಕೊಂಡು ನಿರಾಶ್ರಿತರ ಕುರಿತ ಛಾಯಾಚಿತ್ರ ಯೋಜನೆಯನ್ನು ಹೇಗೆ ಆರಂಭಿಸಬೇಕು?

ಮೊದಲ ಎರಡು ಭೇಟಿಗಳಲ್ಲಿ ಕ್ಯಾಮೆರಾವನ್ನು ಚೀಲದಿಂದ ಹೊರತೆಗೆಯಬೇಡಿ. ಉಳಿದೆಲ್ಲಕ್ಕಿಂತ ಇದು ಮುಖ್ಯವೆಂದು ನಾನು ನಂಬಿದ್ದೇನೆ.

ನಮಗೆ ಹತ್ತಿರವಾದದ್ದು ಬೈಲಕುಪ್ಪೆಯ ಟಿಬೆಟನ್ ನಿರಾಶ್ರಿತರ ನೆಲೆ. ಸುಳ್ಯ, ಮಡಿಕೇರಿ ದಾಟಿ ಕುಶಾಲನಗರಕ್ಕೆ ಬಸ್ಸಿನಲ್ಲಿ ಹೋದರೆ ಅಲ್ಲಿಂದ ಕೆಲವೇ ಕಿಲೋಮೀಟರ್. 1960ರ ದಶಕದ ಆರಂಭದಿಂದ ಟಿಬೆಟನ್ನರು ಅಲ್ಲಿದ್ದಾರೆ. ಅಲ್ಲಿನ ಬೌದ್ಧ ಸ್ವರ್ಣಮಂದಿರದ ಚಿತ್ರಗಳು ಈಗಾಗಲೇ ಬೇಕಾದಷ್ಟಿವೆ. ಮೆಕ್ಕೆಜೋಳದ ಹೊಲ, ಅಡುಗೆಮನೆ, ಇಲ್ಲೇ ಹುಟ್ಟಿ ಬೆಳೆದ ಮೂರನೆಯ ತಲೆಮಾರು, ಇವುಗಳ ಕಡೆ ನೋಡಿ.

ಆಶ್ರಯ ಕೋರಿ ಈಚೆಗೆ ಬಂದವರ ವಿಷಯ ಬೇರೆಯೇ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಮ್ಮಲ್ಲಿ ಪ್ರತ್ಯೇಕ ನಿರಾಶ್ರಿತರ ಕಾನೂನೂ ಇಲ್ಲ. ಹೀಗಾಗಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಟ್ಟ ಗುರುತಿನ ಚೀಟಿ ಇದ್ದವರ ಬದುಕೂ ಅನಿಶ್ಚಿತವೇ. ಹಿನ್ನೆಲೆಯಲ್ಲಿ ಕಾಣುವ ಒಂದು ಅಂಗಡಿಯ ಫಲಕ ಸಾಕು, ಅವರಿರುವ ಜಾಗ ಬಯಲಾಗಲು. ಅಪಾಯ ತಾಯ್ನಾಡಿನಲ್ಲಿ ಉಳಿದ ಬಂಧುಗಳಿಗೂ ತಟ್ಟಬಹುದು. ಮುಖವಿಲ್ಲದೆ ಕೈಗಳು, ನೆರಳು, ಜೊತೆಗೆ ತಂದ ಒಂದು ವಸ್ತು, ಇಷ್ಟರಿಂದಲೇ ಕಥೆ ಹೇಳಲು ಕಲಿಯಿರಿ. ಚಿತ್ರದ ಕಡತದಲ್ಲಿ ಅಡಗಿರುವ ಸ್ಥಳದ ಮಾಹಿತಿಯನ್ನು ಅಳಿಸಿ.

ಒಪ್ಪಿಗೆಯನ್ನು ಅವರ ಭಾಷೆಯಲ್ಲೇ ಕೇಳಿ, ಅವರು ನಂಬುವ ದುಭಾಷಿಯ ಮೂಲಕ. ಚಿತ್ರ ಎಲ್ಲಿ ಪ್ರಕಟವಾಗುತ್ತದೆ, ಮುದ್ರಣಕ್ಕೆ ಮೊದಲು ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವುದು ಹೇಗೆ ಎಂಬುದನ್ನು ಸ್ಪಷ್ಟವಾಗಿ ತಿಳಿಸಿ. ನೆರವು ಕೊಡಿಸುವ ಭರವಸೆಯನ್ನು ಮಾತ್ರ ಎಂದಿಗೂ ಕೊಡಬೇಡಿ.

ಕನಿಷ್ಠ ಒಂದು ವರ್ಷದ ಯೋಜನೆ ಹಾಕಿಕೊಳ್ಳಿ. ಪ್ರತಿ ಕುಟುಂಬಕ್ಕೂ ಅವರ ಚಿತ್ರಗಳ ಮುದ್ರಿತ ಪ್ರತಿ ಕೊಡುವ ಖರ್ಚನ್ನು ಮೊದಲೇ ಲೆಕ್ಕದಲ್ಲಿ ಸೇರಿಸಿ.