ಕೀ ಕಿತ್ತುಕೊಂಡ ಮೇಲೆ ಮಾತು ಬಿಟ್ಟ ಹುಡುಗ

ಸುಹಾಸನಿಗೆ 17 ವರ್ಷ, ದ್ವಿತೀಯ ಪಿಯುಸಿ. ಹೆಸರು ಬದಲಿಸಿದ್ದೇನೆ. ಅಪ್ಪ ಸ್ಕೂಟರ್ ಕೀ ಕಿತ್ತುಕೊಂಡ ದಿನದಿಂದ ಅವರ ಜೊತೆ ಮಾತಿಲ್ಲ, ಊಟದ ತಟ್ಟೆಯನ್ನೂ ರೂಮಿಗೇ ಒಯ್ಯುತ್ತಾನೆ ಎಂದು ತಂದೆ ತಾಯಿ ನನ್ನ ಬಳಿ ಆಪ್ತಸಮಾಲೋಚನೆಗೆ ಕರೆದುಕೊಂಡು ಬಂದಿದ್ದರು.

ಮೊದಲು ಅವನೊಬ್ಬನನ್ನೇ ಕೂರಿಸಿಕೊಂಡೆ. ಟ್ಯೂಷನ್‌ಗೆ ಎಲ್ಲರೂ ಗಾಡಿಯಲ್ಲಿ ಬರ್ತಾರೆ, ನನ್ನನ್ನು ಮಾತ್ರ ಅಮ್ಮ ಗೇಟಿನವರೆಗೆ ತಂದು ಬಿಡ್ತಾರೆ ಎಂದ. ನಿಜವಾದ ಸಿಟ್ಟು ಆಮೇಲೆ ಹೊರಬಂತು. "ಒಂಬತ್ತನೇ ಕ್ಲಾಸಿಂದ ಹಾಲಿಗೆ, ಹಿಟ್ಟಿನ ಗಿರಣಿಗೆ ನನ್ನನ್ನೇ ಗಾಡಿ ಕೊಟ್ಟು ಕಳಿಸ್ತಿದ್ರು. ನನ್ನ ಫ್ರೆಂಡ್ ಪೊಲೀಸರ ಕೈಗೆ ಸಿಕ್ಕ ಮೇಲೆ ಕಾನೂನು ನೆನಪಾಯ್ತಾ?"

ಹುಡುಗ ಕೇಳಿದ್ದು ನ್ಯಾಯವೇ.

ತಂದೆಯನ್ನು ಒಳಗೆ ಕರೆದಾಗ, "ಗೇರ್ ಇಲ್ಲದ ಗಾಡಿಗೆ 16 ಸಾಕು ಅಂತಾರಲ್ವಾ ಮೇಡಂ?" ಎಂದರು. ಈ ಮಾತು ಸುಮಾರು ಮನೆಗಳಲ್ಲಿದೆ. ಆ 16 ವರ್ಷದ ರಿಯಾಯಿತಿ 50 ಸಿಸಿ ಮೀರದ ಗಾಡಿಗೆ ಮಾತ್ರ. ಇವರ ಸ್ಕೂಟರ್ 110 ಸಿಸಿ. ಅದಕ್ಕೆ 18 ತುಂಬಲೇಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನೇ ಮಗನಿಗೂ ಹೇಳಿದೆ. ಅಪ್ಪನ ಜೈಲಿನ ಮಾತಿಗೆ ಸುಮ್ನೆ ಇದ್ದವನು 25 ಅಂದ ಕೂಡಲೇ ತಲೆ ಎತ್ತಿದ!

"ಓಡಿಸೋಕೆ ಚೆನ್ನಾಗೇ ಬರುತ್ತೆ, ಟೆಸ್ಟ್ ಯಾಕೆ?" ಎಂದೂ ವಾದ ಮಾಡಿದ. ಕೆಂಪು ಅಂಚಿನ, ತಲೆಕೆಳಗಾದ ತ್ರಿಕೋನ ಬರೆದು ತೋರಿಸಿದೆ. "ಮುಂದೆ ಅಪಾಯ" ಎಂದ. ಅದು "ಮುಂದೆ ಸೇರುವ ರಸ್ತೆಯಲ್ಲಿ ಬರುವವರಿಗೆ ದಾರಿ ಬಿಡು" ಅನ್ನುವ ಫಲಕ. ಅವನ ವಾದ ಅಲ್ಲಿಗೆ ಸ್ವಲ್ಪ ತಣ್ಣಗಾಯಿತು.

ತಂದೆಗೆ ನಾನು ಹೇಳಿದ್ದು: ಅವತ್ತು ನಿಮ್ಮ ಅನುಕೂಲಕ್ಕೆ ಕಳಿಸಿದ್ದು ತಪ್ಪು ಎಂದು ಮಗನ ಎದುರೇ ಒಪ್ಪಿಕೊಳ್ಳಿ. ಇನ್ನು ಹಾಲಿಗೂ ಗಾಡಿ ಬೇಡ. "ನಮ್ಮ ಬೀದಿಯೊಳಗೆ ಮಾತ್ರ?" ಎಂದರು. ಅದೂ ಬೇಡ ಎಂದೆ. ತಾಯಿಗೆ, ಗೇಟಿಗಿಂತ ಮುಂಚೆ, ತಿರುವಿನಲ್ಲೇ ಇಳಿಸಿ ಎಂದೆ. ಮಗನಿಗೆ 18 ತುಂಬಿದ ವಾರವೇ ಎಲ್ಎಲ್‌ಗೆ (ಕಲಿಯುವವರ ಲೈಸೆನ್ಸ್) ಅರ್ಜಿ ಹಾಕುವುದು, ಎಲ್ ಬೋರ್ಡ್ ಹಾಕಿಕೊಂಡು ಲೈಸೆನ್ಸ್ ಇರುವ ಅಪ್ಪನ ಜೊತೆ ಕಲಿಯುವುದು, 30 ದಿನ ಆದ ಮೇಲೆ ಆರ್‌ಟಿಒ ಟೆಸ್ಟ್. ಇದನ್ನು ಇಬ್ಬರೂ ಕೂತು ಕ್ಯಾಲೆಂಡರಿನಲ್ಲಿ ಗುರುತು ಮಾಡಲಿ ಎಂದೆ.

ಮುಂದಿನ ಭೇಟಿಗೆ ಬಂದಾಗ ಊಟ ಮತ್ತೆ ಎಲ್ಲರ ಜೊತೆ ಶುರುವಾಗಿತ್ತು. ಟ್ಯೂಷನ್‌ಗೆ ಸೈಕಲ್. ಗೆಳೆಯರು ಈಗಲೂ ರೇಗಿಸ್ತಾರಂತೆ. ಅದಕ್ಕೆ ಏನು ಉತ್ತರ ಕೊಡಬೇಕು ಅನ್ನುವುದರ ಮೇಲೆ ಈಗ ನಮ್ಮ ಮಾತು ನಡೆದಿದೆ.