ಶ್ರೀರಂಗಪಟ್ಟಣದಲ್ಲಿ ಮಕ್ಕಳ ಜೊತೆ ಸೈಕಲ್ ಸುತ್ತು, ಗೇರ್ ಬೇಕಾ ಅಂತ ಕೇಳಿದ್ದಕ್ಕೆ

ಮೇಡಂ, ಹತ್ತು ವರ್ಷದ ಮಗ, ಜೊತೆಗೆ ನಿಮ್ಮಪ್ಪ, ಮೂರು ಜನಕ್ಕೂ ಗೇರ್ ಇಲ್ಲದ ಸೈಕಲ್, ಹೊಳೆ ಪಕ್ಕ ಆರಾಮಾಗಿ ಒಂದು ಸುತ್ತು ಆಗುತ್ತಾ ಅಂತ ಕೇಳಿದ್ರಲ್ಲ, ಧಾರಾಳವಾಗಿ ಆಗುತ್ತೆ. ದ್ವೀಪ ಪೂರ್ತಿ ಮಟ್ಟಸ, ಏರು ಅಂತ ಹೇಳ್ಕೊಳ್ಳೋ ಹಾಗೆ ಏನೂ ಇಲ್ಲ, ಗೇರ್ ಬೇಡ. ಕೋಟೆಯಿಂದ ಸಂಗಮದ ತನಕ ಹೋಗಿ, ಅಲ್ಲಿ ಇಲ್ಲಿ ಒಳಗೆ ತಿರುಗಿ ವಾಪಸ್ ಬಂದ್ರೆ ಸುಮಾರು 12-13 ಕಿ.ಮೀ. ಆಗಬಹುದು ಅಷ್ಟೇ.

ಒಂದು ವಿಷಯ ಮೊದ್ಲೇ ಹೇಳ್ಬಿಡ್ತೀನಿ. ಕಾವೇರಿ ಪಕ್ಕದಲ್ಲೇ ಉದ್ದಕ್ಕೂ ರಸ್ತೆ ಇದೆ ಅಂತ ಅಂದ್ಕೋಬೇಡಿ, ಫೋಟೋ ನೋಡಿ ತುಂಬಾ ಜನ ಹಂಗೇ ಅಂದ್ಕೊಂಡು ಬರ್ತಾರೆ. ರಸ್ತೆ ಇರೋದು ದ್ವೀಪದ ನಡುವೆ, ಹೊಳೆ ನೋಡ್ಬೇಕಂದ್ರೆ ನಾಲ್ಕೈದು ಕಡೆ ಒಳಗೆ ತಿರುಗಿ ದಡ ಮುಟ್ಟಿ ವಾಪಸ್ ಬರ್ಬೇಕು. ಸಂಗಮ ಇರೋ ಪೂರ್ವದ ತುದಿಗಂತೂ ಹೋಗೋಕೂ ಬರೋಕೂ ಹೆಚ್ಚುಕಮ್ಮಿ ಒಂದೇ ರಸ್ತೆ.

ನನ್ನ ಸಲಹೆ ಏನಂದ್ರೆ ಕೋಟೆನ ಕೊನೆಗಿಡಿ. ರಂಗನಾಥಸ್ವಾಮಿ ದೇವಸ್ಥಾನದ ಮುಂದೆ ಕಾರ್ ನಿಲ್ಸಿ ಆರು, ಆರೂವರೆಗೆಲ್ಲ ಹೊರಟು ಜಾಮಿಯಾ ಮಸೀದಿ ಹತ್ರ ಆಚೆ ಬನ್ನಿ. ಮುಂದೆ ಹಳೇ ಬೆಂಗಳೂರು-ಮೈಸೂರು ರಸ್ತೆ ದಾಟ್ಬೇಕು, ಇಡೀ ಸುತ್ತಲ್ಲಿ ಭಯ ಪಡಬೇಕಾದ ಜಾಗ ಅದೊಂದೇ, ಬೈಪಾಸ್ ಆದ್ಮೇಲೆ ಲಾರಿ ಕಾಟ ಕಮ್ಮಿ ಆಗಿದ್ರೂ ಮಗನ್ನ ಇಳಿಸಿ ತಳ್ಕೊಂಡೇ ದಾಟಿಸಿ. ಆಚೆ ಕಡೆ ದರಿಯಾ ದೌಲತ್ ಅರಮನೆ ಇನ್ನೂ ಬಾಗಿಲು ತೆಗ್ದಿರಲ್ಲ, ನಿಲ್ಲದೆ ಗಂಜಾಂ ದಾಟಿ ಸೀದಾ ಸಂಗಮಕ್ಕೆ ಹೋಗ್ಬಿಡಿ. ಎರಡು ಕವಲಾಗಿದ್ದ ಕಾವೇರಿ ಮತ್ತೆ ಒಂದಾಗೋದು ಅಲ್ಲೇ, ಬೆಳಿಗ್ಗೆ ಜನ ಕಮ್ಮಿ, ಬಿಸಿಲೂ ಇರಲ್ಲ. ಅಸ್ಥಿ ಬಿಡೋಕೆ ಬಂದಿರೋ ಮನೆಯವರು ಇರ್ತಾರೆ, ಬೆಲ್ ಹೊಡ್ಕೊಂಡು ಅವರ ಮಧ್ಯೆ ಸೈಕಲ್ ನುಗ್ಗಿಸೋದು ಬೇಡ. ಮತ್ತೆ ನೀರು ಎಷ್ಟು ಶಾಂತವಾಗಿ ಕಂಡ್ರೂ ಹುಡುಗನ್ನ ಇಳಿಸ್ಬೇಡಿ, ಗುಂಡಿ ಸುಳಿ ಎಲ್ಲಾ ಇದೆ, ಮೊಸಳೆ ಇರೋ ನದಿ ಬೇರೆ.

ವಾಪಸ್ ಬರ್ತಾ ಗುಂಬಜ್. ಹೈದರ್, ಟಿಪ್ಪು, ಟಿಪ್ಪು ತಾಯಿ ಮೂರೂ ಜನರ ಸಮಾಧಿ ಅಲ್ಲಿದೆ, ಸುತ್ತ ಕಪ್ಪು ಕಲ್ಲಿನ ಕಂಬಗಳು, ತೋಟದಲ್ಲಿ ನೆರಳೂ ಉಂಟು, ಅಪ್ಪಾಜಿಗೆ ಒಂದರ್ಧ ಗಂಟೆ ಕೂರೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಅಲ್ಲಿಂದ ಗಂಜಾಂ ಊರೊಳಗೆ ನಿಮಿಷಾಂಬ ದೇವಸ್ಥಾನದ ಮೆಟ್ಟಿಲ ಹತ್ರ ಇನ್ನೊಂದು ಸಲ ಹೊಳೆ ಸಿಗುತ್ತೆ, ಅಮಾವಾಸ್ಯೆ ಹುಣ್ಣಿಮೆ ದಿನ ಆದ್ರೆ ಆ ಕಡೆ ತಿರುಗಲೇಬೇಡಿ, ರಸ್ತೆ ತುಂಬಾ ಗಾಡಿ.

ಅಷ್ಟೊತ್ತಿಗೆ ಒಂಬತ್ತಾಗಿರುತ್ತೆ, ದರಿಯಾ ದೌಲತ್ ಒಳಗೆ ಹೋಗ್ಬೋದು. ಇದು ತಪ್ಪಿಸ್ಬೇಡಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ, ಹೆಚ್ಚಿನದೆಲ್ಲ ತೇಗದ ಮರ. ಪಶ್ಚಿಮದ ಗೋಡೆ ಮೇಲೆ 1780ರಲ್ಲಿ ಹೈದರ್, ಟಿಪ್ಪು ಇಂಗ್ಲಿಷರನ್ನ ಸೋಲಿಸಿದ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ ಇದೆ, ಅದ್ರಲ್ಲಿ ಪಲ್ಲಕ್ಕಿ ಒಳಗೆ ಕೂತಿರೋ ಇಂಗ್ಲಿಷ್ ಅಧಿಕಾರಿನ ಹುಡುಕು ಅಂತ ಮಗನಿಗೆ ಹೇಳಿ. ಅವನೇ ಕರ್ನಲ್ ಬೇಲಿ, ಆ ಯುದ್ಧದಲ್ಲಿ ಸೋತು ಸೆರೆ ಸಿಕ್ಕಿ 1782ರಲ್ಲಿ ಇದೇ ಊರಲ್ಲಿ ಸತ್ತ. ಆಮೇಲೆ ಕೋಟೆಗೆ ಬಂದಾಗ ಹೊಳೆ ಕಡೆ ಇರೋ ಬೇಲಿ ಸೆರೆಮನೆಗೆ ಇಳಿದು, ಕೈದಿಗಳನ್ನ ಕಟ್ಟಿ ಹಾಕ್ತಿದ್ದ ತೂತಿನ ಕಲ್ಲುಗಳು, 1799ರ ಇಂಗ್ಲಿಷರ ದಾಳಿ ಹೊತ್ತಲ್ಲಿ ಮೇಲಿಂದ ಕುಸಿದು ಒಳಗೆ ಬಿದ್ದ ಫಿರಂಗಿ ಎಲ್ಲಾ ತೋರಿಸಿದ್ರೆ ಕತೆ ಅವನಿಗೇ ಕೂಡ್ಕೊಳ್ಳುತ್ತೆ. ಕೋಟೆ ಕೊನೆಗೆ ಅಂದಿದ್ದು ಇದಕ್ಕೇ. ಟಿಪ್ಪು ಸತ್ತು ಬಿದ್ದ ಜಾಗ, ನೀರಿನ ಬಾಗಿಲು ಎಲ್ಲಾ ಅಲ್ಲೇ ಸುತ್ತಮುತ್ತ. ರೈಲು ಹಳಿ ಜೋಡಿ ಮಾಡೋಕೆ ಅಡ್ಡ ಬಂತು ಅಂತ 2017ರಲ್ಲಿ ಇಡಿಯಾಗಿ ಸರಿಸಿಟ್ಟ, ಟಿಪ್ಪು ಕಾಲದ ಸಿಡಿಮದ್ದಿನ ಮನೆ ಸ್ಟೇಷನ್ ಹತ್ರ ಇದೆ, ಹುಡುಗ್ರಿಗೆ ಅರಮನೆಗಿಂತ ಅದೇ ಇಷ್ಟ ಆಗೋದು! ಉಸಿರಿದ್ರೆ 1804ರ ವೆಲ್ಲೆಸ್ಲಿ ಸೇತುವೆ ಕಡೆಗೂ ಹೋಗಿ ಬನ್ನಿ, ಮೈಸೂರು ದಿವಾನ್ ಪೂರ್ಣಯ್ಯನವರು ಕಟ್ಟಿಸಿದ್ದು, ಕಲ್ಲಿನ ಕಂಬಗಳನ್ನ ನೋಡ್ತಾ ನಿಂತುಬಿಡ್ತೀವಿ.

ಯಾವಾಗ ಹೋಗೋದು ಅಂದ್ರೆ ನವೆಂಬರ್‌ನಿಂದ ಫೆಬ್ರವರಿ. ಮಳೆಗಾಲದಲ್ಲಿ ಕೆಆರ್‌ಎಸ್ ಅಣೆಕಟ್ಟು ತುಂಬೋ ಮಟ್ಟ, ಅಂದ್ರೆ 124.80 ಅಡಿ ಹತ್ರ ಬಂತು ಅಂತ ಪೇಪರಲ್ಲಿ ನೋಡಿದ್ರೆ ಪ್ಲಾನ್ ಮುಂದಕ್ಕೆ ಹಾಕಿ, ನೀರು ಜೋರಾಗಿ ಬಿಟ್ರೆ ಮೆಟ್ಟಿಲೆಲ್ಲ ಮುಳುಗುತ್ತೆ, ಸಂಗಮಕ್ಕೂ ಹಳೇ ಸೇತುವೆಗೂ ಬಿಡಲ್ಲ. ಸುಗ್ಗಿ ಟೈಮಲ್ಲಿ ಒಳ ರಸ್ತೆ ಮೇಲೆ ರಾಗಿ, ಹುರುಳಿ ಒಕ್ಕಣೆಗೆ ಹರಡಿರ್ತಾರೆ, ಕಾರಿಗೆ ಏನೂ ಆಗಲ್ಲ ಆದ್ರೆ ಸೈಕಲ್‌ಗೆ ಹುರುಳಿ ಬಳ್ಳಿ ಚೈನಿಗೆ ಸುತ್ಕೊಳ್ಳುತ್ತೆ, ಕಾಳಿನ ಮೇಲೆ ಬ್ರೇಕ್ ಹಿಡಿದ್ರೆ ಜಾರುತ್ತೆ, ಇಳಿದು ದಾಟಿ. ಕಬ್ಬಿನ ಟ್ರ್ಯಾಕ್ಟರ್ ಎದುರು ಬಂದ್ರೆ ಪಕ್ಕಕ್ಕೆ ನಿಲ್ಲಿ. ಜಾಲಿ ಮುಳ್ಳಿಗೆ ಒಂದು ಟ್ಯೂಬ್, ಪಂಪು ಇರ್ಲಿ.

ಮೈಸೂರಿಂದ ತುಳ್ಕೊಂಡೇ ಬರೋದು 15 ಕಿ.ಮೀ. ಅಷ್ಟೇ, ಆದ್ರೆ ಮಗು ಜೊತೆ ಬೇಡ, ಕಾರಲ್ಲೇ ಹಾಕ್ಕೊಂಡು ಬನ್ನಿ. ಮುಂದೆ ಯಾವತ್ತಾದ್ರೂ ತುಳ್ಕೊಂಡು ಬರೋ ಮನಸ್ಸಾದ್ರೆ ಸರ್ವಿಸ್ ರಸ್ತೆ ಹಿಡೀರಿ, ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕಿಗೇ ಬಿಡ್ತಿಲ್ಲ, ಸೈಕಲ್ ಮಾತೇ ಇಲ್ಲ. ರಂಗನತಿಟ್ಟು ಇದೇ ದಿನ ಸೇರಿಸ್ಬೇಡಿ, ಆ ಬಿಸಿಲಲ್ಲಿ ಹುಡುಗ ಸುಸ್ತಾಗ್ತಾನೆ, ದೋಣಿ ಕ್ಯೂ ಬೇರೆ. ಅದಕ್ಕೆ ಇನ್ನೊಂದು ಭಾನುವಾರ ಇಟ್ಕೊಳ್ಳಿ. ಹಾಂ, ಬೀಗದ ಚೈನು ಉದ್ದದ್ದೇ ತನ್ನಿ, ಟಿಕೆಟ್ ತಗೊಂಡು ಒಳಗೆ ಹೋಗೋ ಕಡೆ ಮೂರೂ ಸೈಕಲ್ ಸೇರಿಸಿ ಒಂದೇ ಕಂಬಕ್ಕೆ ಬಿಗಿಯೋ ಹಾಗಿರ್ಬೇಕು.